ಬೇಸ್ ಗಿಟಾರ್ ಕೊಳ್ಳುವ ಮುಂಚೆ ಅಂಗಡಿಯಲ್ಲಿ ಕೂತು ನುಡಿಸಿ ನೋಡುವುದು ಹೇಗೆ? ಬಳ್ಳಾರಿ ಕಡೆಯವರಿಗೆ ಒಂದು ಮಾರ್ಗದರ್ಶಿ

ನಮ್ಮ ಬಳ್ಳಾರಿಯಲ್ಲಿ ಗಿಟಾರ್ ಕಲಿಯುವ ಹುಡುಗರು ಹುಡುಗಿಯರು ಈಗ ಬಹಳ ಇದ್ದಾರೆ. ಅವರಲ್ಲಿ ಒಬ್ಬರೋ ಇಬ್ಬರೋ ಬೇಸ್ ಕಡೆ, ಅಂದರೆ ತಗ್ಗಿನ ಸ್ವರ ನುಡಿಸುವ ದಪ್ಪ ತಂತಿಯ ಗಿಟಾರಿನ ಕಡೆ ತಿರುಗುತ್ತಾರೆ. ರಸಮಂಜರಿ ತಂಡಗಳಲ್ಲಿ ಕೀಬೋರ್ಡಿನವರೇ ಎಡಗೈಯಲ್ಲಿ ಬೇಸ್ ನುಡಿಸಿ ಮುಗಿಸುವುದು ಜಾಸ್ತಿ. ಹಾಗಾಗಿ ಬೇಸ್ ಕೊಳ್ಳಬೇಕು ಅಂದಾಗ ಒಂದು ಮಾತು ಕೇಳೋಣ ಅಂದರೆ ಊರಲ್ಲಿ ಯಾರೂ ಸಿಗುವುದಿಲ್ಲ. ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿ, ಬಣ್ಣ ಇಷ್ಟವಾಗಿ, ಆರ್ಡರ್ ಹಾಕಿಬಿಡುತ್ತಾರೆ.

ಆದರೆ ಫೋನಿನಲ್ಲಿ ಬೇಸ್ ನಿಜವಾಗಿ ಕೇಳಿಸುವುದೇ ಇಲ್ಲ. ನಾಲ್ಕು ತಂತಿಯ ಬೇಸಿನಲ್ಲಿ ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಅಷ್ಟು ತಗ್ಗಿನ ನಾದವನ್ನು ಹೊರಡಿಸುವ ಶಕ್ತಿ ಫೋನಿನ ಪುಟ್ಟ ಸ್ಪೀಕರಿಗೆ ಇಲ್ಲ. ಅದರಲ್ಲಿ ಕೇಳುವುದು ತಂತಿಯ ಮೇಲಿನ ಟಣಟಣ ಮಾತ್ರ. ಹೊಟ್ಟೆಗೆ ತಾಗುವ ಆ ಗುಂಯ್ ಅನ್ನುವುದನ್ನು ತಿಳಿಯಬೇಕಾದರೆ ವಾದ್ಯ ನಿಮ್ಮ ತೊಡೆಯ ಮೇಲೆ ಇರಬೇಕು.

ನನ್ನ ಮೊದಲ ಬೇಸನ್ನು ನಾನು ಅಂಗಡಿಯಲ್ಲಿ ಹತ್ತು ನಿಮಿಷವೂ ನುಡಿಸಲಿಲ್ಲ. ಹಿಂದೆ ಮೂರು ಜನ ಗಿರಾಕಿಗಳು ನಿಂತಿದ್ದರು. ತಪ್ಪು ನುಡಿಸಿದರೆ ಏನಂದುಕೊಳ್ಳುತ್ತಾರೋ ಅಂತ ಸಂಕೋಚವಾಯಿತು. ಬರುತ್ತಿದ್ದ ಒಂದೇ ಒಂದು ತುಣುಕು ಬೇಗಬೇಗ ನುಡಿಸಿ, ದುಡ್ಡು ಕೊಟ್ಟು ತಂದೆ. ಗಣೇಶನ ಹಬ್ಬದ ಮೊದಲ ಕಾರ್ಯಕ್ರಮ. ಹಾಡುವವರ ಶ್ರುತಿ ಕಪ್ಪು ಒಂದು, ಅಂದರೆ ಸಿ ಶಾರ್ಪ್. ಎಲ್ಲಕ್ಕಿಂತ ತೆಳುವಾದ ಜಿ ತಂತಿಯ 6ನೇ ಫ್ರೆಟ್ಟಿನಲ್ಲಿ (ನೆಕ್, ಅಂದರೆ ವಾದ್ಯದ ಉದ್ದನೆಯ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್ಟುಗಳು) ಆ ಸ್ವರ ಹಿಡಿದರೆ ಡುಬ್ ಅಂತ ಬಂದು ಅಲ್ಲೇ ಸತ್ತುಹೋಗುತ್ತಿತ್ತು. ಪಕ್ಕದ ಫ್ರೆಟ್ಟುಗಳು ಚೆನ್ನಾಗೇ ಇದ್ದವು. ಅಂಗಡಿಯಲ್ಲಿ ಆ ಒಂದು ಜಾಗ ಮುಟ್ಟಿ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಅಂಗಡಿಗೆ ಹೋಗುವುದು ನುಡಿಸಿ ತೋರಿಸುವುದಕ್ಕಲ್ಲ, ಕೇಳಿಸಿಕೊಳ್ಳುವುದಕ್ಕೆ. ಇದೊಂದು ಮನಸ್ಸಿನಲ್ಲಿದ್ದರೆ ಸಂಕೋಚ ಅರ್ಧ ಕಡಿಮೆಯಾಗುತ್ತದೆ.

ಮನೆಯಿಂದ ಹೊರಡುವ ಮುಂಚೆ

ಮೊದಲು ಅಂಗಡಿಗೆ ಫೋನ್ ಮಾಡಿ. ನಮ್ಮ ಕಡೆಯ ಸಂಗೀತದ ಅಂಗಡಿಗಳಲ್ಲಿ ಹಾರ್ಮೋನಿಯಂ, ತಬಲಾ, ಢೋಲಕ್, ಕೀಬೋರ್ಡ್ ಮತ್ತು ಸಾದಾ ಗಿಟಾರ್ ಓಡುವ ಮಾಲು. ಬೇಸ್ ಒಂದೋ ಎರಡೋ ಇರುತ್ತದೆ, ಅದೂ ಗೋಡೆಯ ತೀರಾ ಮೇಲೆ. ಬರೀ "ಗಿಟಾರ್ ಇದೆಯಾ?" ಅಂದರೆ "ಐತ್ರಿ, ಬರ್ರಿ" ಅಂತಾರೆ. "ನಾಲ್ಕು ತಂತಿ ಬೇಸ್ ಎಷ್ಟು ಇದಾವೆ? ನುಡಿಸಿ ನೋಡೋಕೆ ಆಂಪ್ ಇದೆಯಾ?" ಅಂತ ಬಿಡಿಸಿ ಕೇಳಿ. ಆಂಪ್ ಅಂದರೆ ವಾದ್ಯದ ಸದ್ದನ್ನು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ. ಹಬ್ಬದ ಮುಂಚಿನ ವಾರ ಹೋಗಬೇಡಿ. ಡೋಲು, ಮೈಕು ಬಾಡಿಗೆಗೆ ಅಂತ ಅಂಗಡಿ ತುಂಬಿರುತ್ತದೆ. ವಾರದ ನಡುವೆ, ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಹೋದರೆ ಅಂಗಡಿಯವರಿಗೂ ಬಿಡುವು, ನಿಮಗೂ ನೆಮ್ಮದಿ. ಒಂದು ಗಂಟೆ ಬೇಕು ಅಂತ ಮೊದಲೇ ಹೇಳಿಟ್ಟಿರಿ.

ಚೀಲದಲ್ಲಿ ಇವು ಇರಲಿ: ನಿಮ್ಮದೇ ಅಗಲವಾದ ಸ್ಟ್ರಾಪ್, ಚೆನ್ನಾಗಿರುವ ಒಂದು ಕೇಬಲ್, ಬೇಸಿನ ತಲೆಗೆ ಸಿಕ್ಕಿಸುವ ಟ್ಯೂನರ್ (ಶ್ರುತಿ ತೋರಿಸುವ ಸಾಧನ), ಮಿಲಿಮೀಟರ್ ಗುರುತಿರುವ ಸಣ್ಣ ಸ್ಕೇಲ್, ಒಂದು ಹತ್ತಿ ಕರ್ಚೀಫು. ಟ್ಯೂನರ್ ಫೋನಿನಲ್ಲೂ ಇರುತ್ತದೆ ನಿಜ. ಆದರೆ ರಸ್ತೆ ಪಕ್ಕದ ಅಂಗಡಿಯಲ್ಲಿ ಲಾರಿ, ಆಟೋ ಸದ್ದಿಗೆ ಅದು ಗಲಿಬಿಲಿಯಾಗುತ್ತದೆ. ತಲೆಗೆ ಸಿಕ್ಕಿಸುವ ಟ್ಯೂನರ್ ಮರದ ಅದುರುವಿಕೆಯನ್ನೇ ಹಿಡಿಯುವುದರಿಂದ ಆ ತೊಂದರೆ ಇಲ್ಲ.

ಇನ್ನೊಂದು ವಿಷಯ ನಮ್ಮ ಊರಿನವರಿಗೆ ಖಾಸಾ ಹೇಳಬೇಕು. ಬಳ್ಳಾರಿ ಅಂದರೆ ಜೀನ್ಸ್. ಜೀನ್ಸಿನ ಲೋಹದ ಗುಂಡಿ ಮತ್ತು ಬೆಲ್ಟಿನ ಬಕಲ್ ಬೇಸಿನ ಬೆನ್ನಿಗೆ ಉಜ್ಜಿ ಗೀರು ಬೀಳುತ್ತದೆ. ಇನ್ನೂ ನಿಮ್ಮದಾಗದ ವಾದ್ಯಕ್ಕೆ ಗೀರು ಬಿದ್ದರೆ ಮಾತು ಎಲ್ಲಿಗೋ ಹೋಗುತ್ತದೆ. ಬೆಲ್ಟ್ ಬಿಚ್ಚಿಡಿ, ಅಂಗಿಯನ್ನು ಹೊರಗೆ ಬಿಡಿ. ಕೈಗಡಿಯಾರ, ಉಂಗುರ ತೆಗೆಯಿರಿ. ನಿಮ್ಮ ಬಕಲ್ ಬಗ್ಗೆ ನೀವೇ ಕಾಳಜಿ ತೋರಿಸಿದರೆ ಅಂಗಡಿಯವರು ಆಮೇಲೆ ದುಬಾರಿ ಮಾಲನ್ನೂ ಧೈರ್ಯವಾಗಿ ಕೈಗೆ ಕೊಡುತ್ತಾರೆ.

ವೈರ್ ಹಾಕುವ ಮುಂಚೆ

ಬೇಸ್ ಕೈಗೆ ಬಂತು. ಎಲ್ಲರೂ ಮೊದಲು ಆಂಪಿಗೆ ವೈರ್ ಹಾಕುತ್ತಾರೆ. ಹಾಕಬೇಡಿ. ಮುಖ್ಯವಾದ ಪರೀಕ್ಷೆಗಳೆಲ್ಲ ಕರೆಂಟ್ ಇಲ್ಲದೇ ಆಗುವಂಥವು.

ಮೊದಲು ಶ್ರುತಿ ಮಾಡಿಕೊಳ್ಳಿ. ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ. ತಿಂಗಳುಗಟ್ಟಲೆ ಗೋಡೆಯ ಮೇಲಿದ್ದ ವಾದ್ಯದ ಶ್ರುತಿ ಇಳಿದಿರುತ್ತದೆ. ತಂತಿ ಸಡಿಲವಿದ್ದಾಗ ಮಾಡಿದ ಯಾವ ಪರೀಕ್ಷೆಗೂ ಅರ್ಥವಿಲ್ಲ, ಏಕೆಂದರೆ ತಂತಿ ಎಳೆದಂತೆ ನೆಕ್ ಬಾಗುತ್ತದೆ. ಕೀ ತಿರುಗಿಸುವಾಗ ನಯವಾಗಿ ತಿರುಗುತ್ತದೆಯಾ, ಬಿಟ್ಟ ಮೇಲೆ ಶ್ರುತಿ ನಿಲ್ಲುತ್ತದೆಯಾ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ.

ಆಮೇಲೆ ವಾದ್ಯದ ಬುಡವನ್ನು ಕಣ್ಣಿನ ಹತ್ತಿರ ಹಿಡಿದು ನೆಕ್ಕಿನ ಉದ್ದಕ್ಕೂ ನೋಡಿ. ಬಡಗಿಗಳು ಒಂದು ಕಣ್ಣು ಮುಚ್ಚಿ ಪಟ್ಟಿ ನೋಡುತ್ತಾರಲ್ವಾ, ಹಾಗೆ. ಫ್ರೆಟ್ಟುಗಳು ರೈಲು ಹಳಿಯ ಸ್ಲೀಪರ್‌ಗಳ ಹಾಗೆ ಒಂದಕ್ಕೊಂದು ಸಮವಾಗಿ ಕಾಣಬೇಕು. ನೆಕ್ ಹಗ್ಗ ಹೊಸೆದಂತೆ ತಿರುಚಿಕೊಂಡಿದ್ದರೆ ಆ ಬೇಸ್ ವಾಪಸ್ ಕೊಡಿ. ಬೆಲೆ ಎಷ್ಟೇ ಇಳಿಸಿದರೂ ಬೇಡ. ಮುಂದಕ್ಕೋ ಹಿಂದಕ್ಕೋ ಸ್ವಲ್ಪ ಬಾಗಿದ್ದರೆ ಅದು ಬೇರೆ ಮಾತು. ಅದನ್ನು ಸರಿ ಮಾಡಲೆಂದೇ ನೆಕ್ಕಿನೊಳಗೆ ಟ್ರಸ್ ರಾಡ್ ಅನ್ನುವ ಉಕ್ಕಿನ ಕಂಬಿ ಇರುತ್ತದೆ.

ಬಾಗು ಎಷ್ಟಿದೆ ಅಂತ ನೋಡುವುದು ಸುಲಭ. ಇ ತಂತಿಯನ್ನು ಎಡಗೈಯಿಂದ 1ನೇ ಫ್ರೆಟ್ಟಿನಲ್ಲಿ ಒತ್ತಿ. ಬಲಗೈಯಿಂದ ಕೊನೆಯ ಫ್ರೆಟ್ಟಿನಲ್ಲಿ ಒತ್ತಿ. ಈಗ 7ನೇ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಎಷ್ಟು ಸಂದು ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಸುಮಾರು 0.3 ಮಿಲಿಮೀಟರ್ ಇದ್ದರೆ ಸರಿ. ಸಂದೇ ಇಲ್ಲದಿದ್ದರೆ ಕರ್ರ್ ಕರ್ರ್ ಅನ್ನುತ್ತದೆ. 1 ಮಿಲಿಮೀಟರ್ ಹತ್ತಿರ ಇದ್ದರೆ ಬೆರಳಿಗೆ ಕಷ್ಟ. ಇವೆರಡೂ ಸರಿಹೋಗುವಂಥ ದೋಷ. ರಾಡನ್ನು ನೀವೇ ತಿರುಗಿಸಲು ಹೋಗಬೇಡಿ, ಸರಿ ಮಾಡಿಕೊಡಿ ಅಂತ ಅಂಗಡಿಯವರನ್ನು ಕೇಳಿ. 12ನೇ ಫ್ರೆಟ್ಟಿನ ಮೇಲೆ ತಂತಿ ಎಷ್ಟು ಎತ್ತರ ಇದೆ ಅಂತ ಸ್ಕೇಲ್ ಇಟ್ಟು ನೋಡಿ. 2ರಿಂದ 2.5 ಮಿಲಿಮೀಟರ್ ಇದ್ದರೆ ಆರಾಮ.

ಈಗ ಕರ್ಚೀಫು. ಅದನ್ನು ನೆಕ್ಕಿನ ಎರಡೂ ಅಂಚಿಗೆ ತಲೆಯಿಂದ ಬುಡದವರೆಗೆ ಮೆಲ್ಲಗೆ ಎಳೆಯಿರಿ. ನೂಲು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಫ್ರೆಟ್ಟಿನ ತುದಿ ಹೊರಗೆ ಬಂದಿದೆ ಅಂತ ಅರ್ಥ. ಒಣ ಹವೆಯಲ್ಲಿ ಮರ ತನ್ನ ತೇವ ಕಳೆದುಕೊಂಡು ಕುಗ್ಗುತ್ತದೆ. ಲೋಹದ ಫ್ರೆಟ್ ಕುಗ್ಗುವುದಿಲ್ಲ. ಹಾಗಾಗಿ ತುದಿಗಳು ಮುಳ್ಳಿನ ಹಾಗೆ ಹೊರಗೆ ಚಾಚುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರಿನಲ್ಲಿ ಇದು ಆಗುವಂಥದ್ದೇ. ಮಳೆಗಾಲದಲ್ಲಿ ನಯವಾಗಿದ್ದ ನೆಕ್ ಏಪ್ರಿಲ್ ಹೊತ್ತಿಗೆ ಅಂಗೈ ಗೀರುವುದನ್ನು ನಾನೇ ಅನುಭವಿಸಿದ್ದೇನೆ. ಒಂದು ಲಾಭವೂ ಇದೆ. ಒಂದು ಬೇಸಿಗೆ ಪೂರ್ತಿ ನಮ್ಮೂರ ಅಂಗಡಿಯ ಗೋಡೆಯ ಮೇಲೆ ಕಳೆದ ಬೇಸ್ ಇನ್ನೂ ನಯವಾಗಿದ್ದರೆ, ಅದರ ಮರ ಚೆನ್ನಾಗಿ ಒಣಗಿದ ಮರ. ಮೇ ತಿಂಗಳಲ್ಲಿ ನೋಡಿ ಕೊಂಡರೆ ಮುಂದೆ ಆಶ್ಚರ್ಯ ಕಡಿಮೆ. ತುದಿ ಸ್ವಲ್ಪವೇ ಚಾಚಿದ್ದರೆ ಅರದಿಂದ ಉಜ್ಜಿ ಸರಿ ಮಾಡಬಹುದು. ಅದಕ್ಕೆ ಬೇಸನ್ನೇ ಬಿಡಬೇಕಾಗಿಲ್ಲ.

ಮೈಮೇಲೆ ಹೇಗೆ ಕೂರುತ್ತದೆ

ಸ್ಟ್ರಾಪ್ ಹಾಕಿ ಎದ್ದು ನಿಲ್ಲಿ. ಕೂತು ನೋಡಿದರೆ ಸಾಲದು, ರಸಮಂಜರಿಯಲ್ಲಿ ಮೂರು ನಾಲ್ಕು ಗಂಟೆ ನಿಂತೇ ನುಡಿಸಬೇಕು. ಬಹಳಷ್ಟು ಬೇಸುಗಳು ಮೂರೂವರೆಯಿಂದ ನಾಲ್ಕೂವರೆ ಕೆಜಿ ತೂಗುತ್ತವೆ. ಐದು ನಿಮಿಷಕ್ಕೆ ಯಾವುದೂ ಭಾರ ಅನ್ನಿಸುವುದಿಲ್ಲ. ಕಾಲು ಗಂಟೆ ಹಾಕಿಕೊಂಡೇ ಇರಿ, ಅಂಗಡಿಯವರ ಜೊತೆ ಮಾತಾಡುತ್ತಾ ಇರಿ. ಭುಜ ತಾನಾಗಿಯೇ ಹೇಳುತ್ತದೆ.

ನಿಂತಿರುವಾಗ ಎಡಗೈಯನ್ನು ನೆಕ್ಕಿನಿಂದ ಮೆಲ್ಲಗೆ ಬಿಡಿ, ಬಿದ್ದರೆ ಹಿಡಿಯಲು ಕೈ ಕೆಳಗೇ ಇರಲಿ. ಕೆಲವು ಬೇಸುಗಳ ತಲೆ ಭಾರ, ನೆಲದ ಕಡೆ ಜಾರುತ್ತದೆ. ಅಂಥದ್ದರಲ್ಲಿ ನುಡಿಸಬೇಕಾದ ಎಡಗೈ ಇಡೀ ರಾತ್ರಿ ನೆಕ್ ಹೊರುತ್ತದೆ. ಅಗಲವಾದ, ಒಳಗೆ ಒರಟಾಗಿರುವ ಸ್ಟ್ರಾಪ್ ಹಾಕಿದರೆ ಸ್ವಲ್ಪ ತಡೆಯುತ್ತದೆ. ಪೂರ್ತಿ ಜಾರುವುದಾದರೆ ಬಿಟ್ಟುಬಿಡಿ.

ಕೈ ಚಿಕ್ಕದು ಅಂತ ಹೆದರುವವರಿಗೆ ಒಂದು ಮಾತು. ಸಾಮಾನ್ಯ ಬೇಸಿನ ತಂತಿಯ ಉದ್ದ, ನಟ್‌ನಿಂದ ಬ್ರಿಡ್ಜಿನವರೆಗೆ, 34 ಇಂಚು. ತಲೆಯ ಹತ್ತಿರ ತಂತಿ ಕೂರುವ ಪಟ್ಟಿ ನಟ್, ಬುಡದಲ್ಲಿ ತಂತಿ ಕೂರುವ ಭಾಗ ಬ್ರಿಡ್ಜ್. 1ನೇ ಫ್ರೆಟ್ಟು ನಟ್‌ನಿಂದ 48 ಮಿಲಿಮೀಟರ್ ದೂರ ಇರುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಅದು 36 ಮಿಲಿಮೀಟರ್ ಆಸುಪಾಸು. ಮೊದಲ ಸಲ ಬೆರಳು ಎಟುಕದೇ ಇರುವುದು ಸಹಜ, ಅಭ್ಯಾಸದಿಂದ ಬರುತ್ತದೆ. ಆದರೂ ಹತ್ತು ಹನ್ನೆರಡು ವರ್ಷದ ಮಗುವಿಗೆ ಕೊಡಿಸುವುದಾದರೆ 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್ ಕೇಳಿ. ನೆಕ್ಕಿನ ಅಗಲವನ್ನೂ ಗಮನಿಸಿ. ಜಾಝ್, ಪ್ರಿಸಿಷನ್ ಅಂತ ಬೇಸಿನ ಎರಡು ಹೆಸರಾದ ಮಾದರಿಗಳಿವೆ. ಜಾಝ್ ಬೇಸ್ ಮಾದರಿಯಲ್ಲಿ ನಟ್ ಹತ್ತಿರ 38 ಮಿಲಿಮೀಟರ್ ಇರುತ್ತದೆ, ಪ್ರಿಸಿಷನ್ ಮಾದರಿಯಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಮೂರು ನಾಲ್ಕು ಮಿಲಿಮೀಟರ್ ಜಾಸ್ತಿ. ಹೇಳಿದರೆ ಸಣ್ಣ ವ್ಯತ್ಯಾಸ. ಹಿಡಿದರೆ ಹೆಬ್ಬೆರಳಿಗೆ ತಕ್ಷಣ ಗೊತ್ತಾಗುತ್ತದೆ.

ಒಂದೊಂದೇ ಸ್ವರ

ಇದು ಇಡೀ ಪರೀಕ್ಷೆಯ ಜೀವ. ಇನ್ನೂ ವೈರ್ ಹಾಕಿಲ್ಲ. ಬೇಸಿನ ಮೇಲಿನ ಕೊಂಬು ಇದೆಯಲ್ಲ, ಸ್ಟ್ರಾಪ್ ಸಿಕ್ಕಿಸುವ ಮೂಲೆ, ಅದಕ್ಕೆ ನಿಮ್ಮ ದವಡೆ ತಾಗಿಸಿ. ಒಂದು ತಂತಿ ಮೀಟಿ. ಫ್ಯಾನಿನ ಸದ್ದು, ರಸ್ತೆಯ ಸದ್ದು ಎಲ್ಲ ಹಿಂದೆ ಸರಿದು ಸ್ವರ ಎಲುಬಿನ ಮೂಲಕ ಕಿವಿಗೆ ಬರುತ್ತದೆ. ಹಲ್ಲು ಸಣ್ಣಗೆ ಅದುರುತ್ತದೆ. ಜನರೇನು ನೋಡುತ್ತಾರೋ ಅಂತ ಯೋಚಿಸಬೇಡಿ.

ಹೀಗೆ ನಾಲ್ಕೂ ತಂತಿಯ ಒಂದೊಂದೂ ಫ್ರೆಟ್ಟನ್ನು ಒತ್ತಿ ನುಡಿಸಿ. 20 ಫ್ರೆಟ್ಟಿನ ಬೇಸಾದರೆ 80 ಜಾಗ. ಪ್ರತಿ ಸ್ವರವನ್ನೂ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುವವರೆಗೆ ಬಿಡಿ. ಆರೇಳು ನಿಮಿಷದ ಕೆಲಸ. ಎರಡು ವಿಷಯಕ್ಕೆ ಕಿವಿ ಕೊಡಬೇಕು. ಒಂದು, ಕರ್ರ್ ಅನ್ನುವ ಸದ್ದು. ಅದು ಇಡೀ ನೆಕ್ಕಿನಲ್ಲಿ ಇದ್ದರೆ ಸೆಟಪ್ ಮಾಡಿದರೆ (ನೆಕ್ಕಿನ ಬಾಗು, ತಂತಿಯ ಎತ್ತರ ಸರಿಪಡಿಸಿದರೆ) ಹೋಗುತ್ತದೆ. ಒಂದೇ ಫ್ರೆಟ್ಟಿನಲ್ಲಿ ಇದ್ದರೆ ಅದರ ಪಕ್ಕದ ಫ್ರೆಟ್ ಎದ್ದಿದೆ ಅಂತ ಅನುಮಾನಿಸಿ. ಎರಡು, ಎಣಿಕೆ ಮುಗಿಯುವ ಮುಂಚೆ ಸಾಯುವ ಸ್ವರ. ಇದು ಜಿ ತಂತಿಯ 5ರಿಂದ 7ನೇ ಫ್ರೆಟ್ಟಿನ ಆಸುಪಾಸಿನಲ್ಲಿ ಹೆಚ್ಚು. ಆ ಸ್ವರದ ಅದುರುವಿಕೆಯನ್ನು ನೆಕ್ಕಿನ ಮರವೇ ಹೀರಿಕೊಳ್ಳುವುದರಿಂದ ಹೀಗಾಗುತ್ತದೆ. ಸೆಟಪ್‌ನಿಂದ ಇದು ಸರಿಹೋಗುವುದಿಲ್ಲ. ಅಲ್ಪಸ್ವಲ್ಪ ಬಹಳಷ್ಟು ಬೇಸುಗಳಲ್ಲಿ ಇರುತ್ತದೆ, ದುಬಾರಿ ಬೇಸಿನಲ್ಲೂ ಇರುತ್ತದೆ. ಆದರೆ ನಿಮ್ಮ ತಂಡದವರು ಹಾಡುವ ಶ್ರುತಿಯ ಸ್ವರವೇ ಅಲ್ಲಿ ಬಿದ್ದರೆ ಪ್ರತಿ ಹಾಡಿನಲ್ಲೂ ಅದನ್ನು ಎದುರಿಸಬೇಕು. ಅಂಗಡಿಗೆ ಹೋಗುವ ಮುಂಚೆ ಹಾಡುವವರ ಶ್ರುತಿ ಯಾವುದು ಅಂತ ಕೇಳಿಕೊಂಡು ಹೋಗಿ.

ಇನ್ನೊಂದು ಪರೀಕ್ಷೆ. 12ನೇ ಫ್ರೆಟ್ಟಿನ ಲೋಹದ ನೇರ ಮೇಲೆ ತಂತಿಯನ್ನು ಬೆರಳಿನಿಂದ ಸುಮ್ನೆ ಮುಟ್ಟಿ ಮೀಟಿದರೆ ಗಂಟೆಯಂಥ ಸ್ವರ ಬರುತ್ತದೆ. ಆಮೇಲೆ ಅದೇ ಫ್ರೆಟ್ಟನ್ನು ಒತ್ತಿ ಮೀಟಿ. ಟ್ಯೂನರಿನಲ್ಲಿ ಎರಡೂ ಒಂದೇ ಜಾಗ ತೋರಿಸಬೇಕು. ಹೆಚ್ಚು ಕಡಿಮೆ ಇದ್ದರೆ ಬ್ರಿಡ್ಜಿನ ಸಣ್ಣ ತಿರುಪಿನಿಂದ ಸರಿಮಾಡಬಹುದು. ತುಕ್ಕು ಹಿಡಿದ ಹಳೇ ತಂತಿಯಾದರೆ ಇದು ಸರಿಯಾಗಿ ಬರುವುದೇ ಇಲ್ಲ. "ತಗೊಳ್ಳೋದಾದ್ರೆ ಹೊಸ ತಂತಿ ಹಾಕಿ, ಇನ್ನೊಮ್ಮೆ ನೋಡೇ ಒಯ್ತೀನ್ರೀ" ಅಂತ ಹೇಳಿ. ನ್ಯಾಯವಾದ ಮಾತು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ಆಂಪ್

ಆಂಪಿನ ವಾಲ್ಯೂಮ್ ಪೂರ್ತಿ ಇಳಿಸಿ ಕೇಬಲ್ ಹಾಕಿ. ಆಂಪಿನ ಬೇಸ್ (ತಗ್ಗು), ಮಿಡ್ (ನಡು), ಟ್ರೆಬಲ್ (ಮೇಲಿನ) ನಾದದ ನಾಬುಗಳನ್ನು ನಟ್ಟನಡುವೆ ಇಡಿ. ಅಂಗಡಿಯವರು ಪ್ರೀತಿಯಿಂದಲೇ ಬೇಸ್ ನಾಬ್ ಪೂರ್ತಿ ತಿರುಗಿಸಿ ಕೊಡುತ್ತಾರೆ. ಆಗ ಎಲ್ಲ ಬೇಸೂ ಒಂದೇ ಥರ ಗುಂಯ್ ಅನ್ನುತ್ತವೆ. ಬೇಸ್ ಆಂಪ್ ಇಲ್ಲದಿದ್ದರೆ ಕೀಬೋರ್ಡಿನ ಆಂಪ್ ಕೇಳಿ. ಬರೀ ಗಿಟಾರ್ ಆಂಪ್ ಇದ್ದರೆ ಸಣ್ಣ ಸದ್ದಿನಲ್ಲೇ ನುಡಿಸಿ, ಜೋರು ಮಾಡಿದರೆ ಅದರ ಸ್ಪೀಕರ್ ಹಾಳಾಗಬಹುದು.

ತಂತಿ ಮುಟ್ಟಿದಾಗ ಬೆರಳಿಗೆ ಜುಮ್ ಅಂದರೆ ತಕ್ಷಣ ಕೈ ತೆಗೆದು ಪ್ಲಗ್ ತೆಗೆಸಿ. ಅದು ಅರ್ಥಿಂಗ್ ಸರಿಯಿಲ್ಲದ ಗುರುತು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ ಮುರಿದು ಎರಡರಲ್ಲೇ ನಡೆಸುವುದನ್ನು ಪೆಂಡಾಲುಗಳಲ್ಲೂ ನೋಡಿದ್ದೇನೆ. ಜೀವಕ್ಕೆ ಅಪಾಯ. ಇದರಲ್ಲಿ ದಾಕ್ಷಿಣ್ಯ ಬೇಡ.

ಸಣ್ಣಗೆ ಹಮ್ ಅನ್ನುವ ಸದ್ದಿದ್ದು, ತಂತಿ ಮುಟ್ಟಿದ ಕೂಡಲೇ ಕಡಿಮೆಯಾದರೆ ಅದು ಸಹಜ. ತಂತಿಯ ಅದುರುವಿಕೆಯನ್ನು ಹಿಡಿದು ಆಂಪಿಗೆ ಕಳಿಸುವ ಭಾಗ ಪಿಕಪ್. ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ, ಎರಡು ಪಿಕಪ್ ಇರುವ ಜಾಝ್ ಬೇಸಿನಲ್ಲಿ ಒಂದರ ವಾಲ್ಯೂಮ್ ಇಳಿಸಿದರೆ ಹಮ್ ಕೇಳುತ್ತದೆ, ಎರಡೂ ಪೂರ್ತಿ ಇಟ್ಟರೆ ಹೋಗುತ್ತದೆ. ಅದು ಕೆಟ್ಟಿಲ್ಲ, ಅದರ ರಚನೆಯೇ ಹಾಗೆ. ನಾಬ್ ತಿರುಗಿಸುವಾಗ ಕರಕರ ಅಂದರೆ ಒಳಗೆ ಧೂಳು ಕೂತಿದೆ. ಅದಿರಿನ ಲಾರಿ ಓಡಾಡುವ ನಮ್ಮ ರಸ್ತೆಗಳ ಕೆಂಪು ಧೂಳು ಎಲ್ಲಿಗೂ ನುಗ್ಗುತ್ತದೆ. ಸ್ಪ್ರೇ ಹೊಡೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಜಾಕಿನಲ್ಲಿ ಕೇಬಲನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ, ಸದ್ದು ತುಂಡಾಗಬಾರದು. ಆ್ಯಕ್ಟಿವ್ ಬೇಸಾದರೆ, ಅಂದರೆ ಸದ್ದು ತಿದ್ದುವ ಸರ್ಕ್ಯೂಟ್ ವಾದ್ಯದಲ್ಲೇ ಇರುವಂಥದ್ದಾದರೆ, ಒಳಗೆ 9 ವೋಲ್ಟಿನ ಬ್ಯಾಟರಿ ಇರುತ್ತದೆ. ಬ್ಯಾಟರಿ ಇಳಿದಿದ್ದರೆ ಸದ್ದು ಒಡೆದಂತೆ ಬರುತ್ತದೆ. ಹೊಸದು ಹಾಕಿಸಿಯೇ ಕೇಳಿ.

ಮಾದರಿಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪ್ರಿಸಿಷನ್ ಬೇಸನ್ನು ಲಿಯೊ ಫೆಂಡರ್ ಅವರ ಕಂಪನಿ 1951ರಲ್ಲಿ ತಂದಿತು, ಜಾಝ್ ಬೇಸನ್ನು 1960ರಲ್ಲಿ. ಇವತ್ತಿನ ಬಹಳಷ್ಟು ಬೇಸುಗಳು ಈ ಎರಡರ ಮೊಮ್ಮಕ್ಕಳೇ. ಯಮಹಾ, ಐಬನೇಜ್, ಕಾರ್ಟ್, ಫೆಂಡರಿನದೇ ಕಡಿಮೆ ಬೆಲೆಯ ಸ್ಕ್ವಯರ್, ಇವುಗಳಲ್ಲಿ ಮೊದಲ ಬೇಸಾಗಿ ಕೊಳ್ಳಲು ಯೋಗ್ಯವಾದವು ಸಿಗುತ್ತವೆ. ಒಂದೇ ಮಾದರಿಯ ಎರಡು ಬೇಸಿನಲ್ಲೂ ಒಂದು ಚೆನ್ನಾಗಿರುತ್ತದೆ, ಇನ್ನೊಂದು ಇರುವುದಿಲ್ಲ. ಹಾಗಾಗಿ ಹೆಸರಿಗಿಂತ ಕೈಯಲ್ಲಿರುವ ವಾದ್ಯವನ್ನೇ ನಂಬುವುದು ನನ್ನ ಪದ್ಧತಿ. ಎರಡರ ನಡುವೆ ಮನಸ್ಸು ತೂಗುತ್ತಿದ್ದರೆ ಗೆಳೆಯನಿಗೆ ನುಡಿಸಲು ಹೇಳಿ, ನೀವು ಬೆನ್ನು ತಿರುಗಿಸಿ ನಿಂತು ಕೇಳಿ. ಬಣ್ಣ ಕಾಣದಿದ್ದಾಗ ಕಿವಿ ಬೇರೆಯದನ್ನೇ ಆರಿಸಬಹುದು.

ಏನು ನುಡಿಸಬೇಕು? ನಿಮ್ಮ ತಂಡದ ಒಂದು ನಿಧಾನದ ಹಾಡು ಸಾಕು. ಮೊದಲು ಬ್ರಿಡ್ಜಿನ ಹತ್ತಿರ ಬೆರಳಿಟ್ಟು ನುಡಿಸಿ, ಆಮೇಲೆ ನೆಕ್ಕಿನ ಹತ್ತಿರ. ಮೊದಲನೆಯದು ಬಿಗಿ, ಎರಡನೆಯದು ದುಂಡು. ಎರಡೂ ಚೆನ್ನಾಗಿ ಕೇಳುವ ಬೇಸ್ ಬಹಳ ವರ್ಷ ಜೊತೆಗಿರುತ್ತದೆ.

ಊರಲ್ಲಿ ಸಿಗದಿದ್ದರೆ

ಬಳ್ಳಾರಿ, ಕೊಪ್ಪಳದವರಿಗೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಅಲ್ಲಿ ಒಂದೇ ದಿನ ಹತ್ತಾರು ಬೇಸ್ ಮುಟ್ಟಿ ನೋಡಬಹುದು. ಆದರೂ ಮೊದಲು ಊರಿನ ಅಂಗಡಿಯಲ್ಲಿ ಇರುವ ಒಂದೆರಡನ್ನು ಪೂರ್ತಿ ಪರೀಕ್ಷೆ ಮಾಡಿ ಹೋಗಿ. ಕೈ ಪಳಗಿರುತ್ತದೆ. ಬೆಲೆಯಲ್ಲಿ ಸ್ವಲ್ಪವೇ ವ್ಯತ್ಯಾಸ ಇದ್ದರೆ ನಾನು ಊರಿನ ಅಂಗಡಿಯಲ್ಲೇ ಕೊಳ್ಳುತ್ತೇನೆ. ಜಾತ್ರೆಯ ಹಿಂದಿನ ದಿನ ಜಾಕ್ ಕಿತ್ತುಹೋದರೆ ಬೆಸುಗೆ ಹಾಕಿಕೊಡುವವರು ಅವರೇ ತಾನೇ?

ಕೊಂಡ ಮೇಲೆ ಬಿಲ್ಲು, ಗ್ಯಾರಂಟಿ ಕಾರ್ಡು ಮತ್ತು ಟ್ರಸ್ ರಾಡಿನ ಕೀಲಿ ಕೇಳಿ ತಗೊಳ್ಳಿ. ಆ ಸಣ್ಣ ಕೀಲಿಯನ್ನು ಕೊಡುವುದು ಮರೆಯುವವರು ಬಹಳ. ಬಸ್ಸಿನಲ್ಲಿ ತರುವುದಾದರೆ ಮೇಲಿನ ಕ್ಯಾರಿಯರಿಗೂ ಹಾಕಬೇಡಿ, ಡಿಕ್ಕಿಗೂ ಹಾಕಬೇಡಿ. ಬಿಸಿಲಿಗೆ ಕಾದ ಡಿಕ್ಕಿ ಒಲೆಯಂತಿರುತ್ತದೆ. ಕಿಟಕಿ ಪಕ್ಕದ ಸೀಟು ಹಿಡಿದು, ಎರಡು ಕಾಲಿನ ನಡುವೆ ನಿಲ್ಲಿಸಿ, ನೆಕ್ ಭುಜಕ್ಕೆ ಒರಗಿಸಿಕೊಳ್ಳಿ. ಮನೆಗೆ ಬಂದ ಕೂಡಲೇ ಚೀಲದಿಂದ ತೆಗೆದು ಕೂಲರಿನ ಎದುರಿಗೆ ಇಡಬೇಡಿ. ಚೀಲದಲ್ಲೇ ಒಂದೆರಡು ಗಂಟೆ ನೆರಳಿನಲ್ಲಿ ಬಿಟ್ಟು, ಆಮೇಲೆ ತೆಗೆದು ಶ್ರುತಿ ಮಾಡಿ.